ಬಾತ ಕಾಲನ್ನು ಆಡಿಸಬೇಕೆ, ಆಡಿಸಬಾರದೆ? ಲಿಂಫೆಡಿಮಾ ಮತ್ತು ಹಗುರ ವ್ಯಾಯಾಮ

ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೆ ಆನೆಕಾಲು ರೋಗ ಹೊಸದಲ್ಲ. ರಾಜ್ಯದಲ್ಲಿ ಈ ರೋಗದ ನೆಲೆಯೆಂದು ಗುರುತಿಸಿದ ಜಿಲ್ಲೆಗಳಲ್ಲಿ ಕಲಬುರಗಿ, ಯಾದಗಿರಿ, ಬೀದರ್‌ಗಳ ಜೊತೆ ಇವೂ ಸೇರಿವೆ. ಅದನ್ನು 2027ರೊಳಗೆ ದೇಶದಿಂದ ತೊಲಗಿಸಬೇಕೆಂಬ ಗುರಿಯಿಟ್ಟು ಸರ್ಕಾರ ಸಾಮೂಹಿಕವಾಗಿ ಮಾತ್ರೆ ನುಂಗಿಸುತ್ತಿದೆ. ಇದರ ನಡುವೆ ಇನ್ನೊಂದು ಗುಂಪೂ ಇದೇ ಬಗೆಯ ತೊಂದರೆ ಹೊತ್ತು ಆಸ್ಪತ್ರೆಗೆ ಬರುತ್ತಿದೆ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಗುಣವಾಗಿ ಮನೆಗೆ ಮರಳಿದ, ಕೆಲವು ತಿಂಗಳೋ ವರ್ಷಗಳೋ ಕಳೆದ ಮೇಲೆ ಒಂದು ಕೈ ಬಾತುಕೊಂಡ ಮಹಿಳೆಯರು ಇವರು.

ಇಬ್ಬರಿಗೂ ವೈದ್ಯರು ಹೇಳುವ ಒಂದು ಮಾತು ಮನೆಯವರನ್ನು ಗೊಂದಲಕ್ಕೆ ಕೆಡವುತ್ತದೆ: ‘ವ್ಯಾಯಾಮ ಮಾಡಿ.’ ಬಾತ ಅಂಗಕ್ಕೆ ವಿಶ್ರಾಂತಿ ಕೊಡಬೇಕು ಎಂದೇ ನಾವು ಕೇಳಿ ಬೆಳೆದವರು. ಕಾಲನ್ನು ದಿಂಬಿನ ಮೇಲಿಟ್ಟು ಮಲಗಿಸುವುದು, ಕೈಯಿಂದ ಚೊಂಬನ್ನೂ ಎತ್ತದಂತೆ ನೋಡಿಕೊಳ್ಳುವುದು ಅಕ್ಕರೆಯ ಲಕ್ಷಣವೂ ಹೌದು. ಹಾಗಾದರೆ ವೈದ್ಯರು ಹೀಗೇಕೆ ಹೇಳುತ್ತಾರೆ?

ನೀರು ಬರುವ ದಾರಿ, ಹೋಗುವ ದಾರಿ

ಹೃದಯದಿಂದ ಹೊರಟ ರಕ್ತ ಕವಲೊಡೆಯುತ್ತಾ ಕೂದಲಿಗಿಂತ ಸಣ್ಣ ನಾಳಗಳನ್ನು ತಲುಪುತ್ತದೆ. ಅಲ್ಲಿ ರಕ್ತದ ನೀರಿನಂಶ ಸ್ವಲ್ಪ ಹೊರಗೆ ಜಿನುಗಿ ಜೀವಕೋಶಗಳಿಗೆ ಆಹಾರ, ಆಮ್ಲಜನಕ ಮುಟ್ಟಿಸುತ್ತದೆ. ಹೀಗೆ ಜಿನುಗಿದ ದ್ರವ ಅಲ್ಲೇ ಉಳಿಯುವಂತಿಲ್ಲ. ಅದನ್ನು ಹೀರಿಕೊಂಡು ಮತ್ತೆ ರಕ್ತಕ್ಕೆ ಸೇರಿಸಲು ದೇಹದಲ್ಲಿ ಬೇರೆಯೇ ನಾಳಗಳಿವೆ. ಅವು ದುಗ್ಧನಾಳಗಳು, ಅಂದರೆ ಲಿಂಫ್ ನಾಳಗಳು. ಅವುಗಳಲ್ಲಿ ಹರಿಯುವುದು ದುಗ್ಧರಸ. ಹೀಗೆ ದಿನಕ್ಕೆ 2ರಿಂದ 4 ಲೀಟರಿನಷ್ಟು ದುಗ್ಧರಸ ರಕ್ತಕ್ಕೆ ಮರಳುತ್ತದೆ. ದಾರಿಯಲ್ಲಿ ಕುತ್ತಿಗೆ, ಕಂಕುಳು, ಹೊಟ್ಟೆ, ತೊಡೆಸಂದುಗಳಲ್ಲಿರುವ ಗ್ರಂಥಿಗಳು ಅದನ್ನು ಸೋಸಿ ರೋಗಾಣುಗಳನ್ನು ತಡೆಯುತ್ತವೆ. ಎರಡೂ ಕಾಲು, ಹೊಟ್ಟೆ ಮತ್ತು ಎಡಗೈಯ ದುಗ್ಧರಸ ಕೊನೆಗೆ ಸೇರುವುದು ಎಡ ಕೊರಳೆಲುಬಿನ ಹಿಂದಿರುವ ರಕ್ತನಾಳಕ್ಕೆ, ಬಲಗೈಯದು ಬಲಬದಿಗೆ. ಕೊನೆಯ ಬಾಗಿಲು ಕುತ್ತಿಗೆಯ ಬುಡದಲ್ಲಿದೆ ಎಂಬುದನ್ನು ನೆನಪಿಡಿ, ವ್ಯಾಯಾಮದ ಕ್ರಮ ನಿಂತಿರುವುದೇ ಅದರ ಮೇಲೆ.

ಮುಧೋಳ, ಜಮಖಂಡಿ, ಅಥಣಿ ಕಡೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಸವಳು-ಜವಳು ಎಂದರೇನೆಂದು ಅವರಿಗೆ ಗೊತ್ತು. ಹೊಲಕ್ಕೆ ನೀರು ಹಾಯುತ್ತಲೇ ಇರುತ್ತದೆ, ಬಸಿದು ಹೋಗುವ ದಾರಿ ಮಾತ್ರ ಕಟ್ಟಿರುತ್ತದೆ. ಮೊದಲು ನೆಲ ಜೌಗಾಗುತ್ತದೆ. ನಿಂತ ನೀರು ಆರಿದರೂ ಉಪ್ಪು ಅಲ್ಲೇ ಉಳಿದು, ವರ್ಷ ಕಳೆದಂತೆ ಮಣ್ಣಿನ ಗುಣವೇ ಕೆಡುತ್ತದೆ. ಈ ಎರಡೂ ಗುಂಪಿನವರಿಗಿರುವ ಲಿಂಫೆಡಿಮಾದಲ್ಲಿ, ಅಂದರೆ ದುಗ್ಧರಸ ನಿಂತು ಬರುವ ಬಾವಿನಲ್ಲಿ, ನಡೆಯುವುದೂ ಇದೇ. ರಕ್ತ ಬರುವುದಕ್ಕೆ ತೊಂದರೆಯಿಲ್ಲ, ದುಗ್ಧರಸ ಹೋಗುವ ದಾರಿ ಕೆಟ್ಟಿದೆ. ಆರಂಭದಲ್ಲಿ ಬಾವು ಮೆತ್ತಗಿರುತ್ತದೆ. ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ, ರಾತ್ರಿ ಕಾಲನ್ನು ಎತ್ತರದಲ್ಲಿಟ್ಟು ಮಲಗಿದರೆ ಬೆಳಗಿಗೆ ಇಳಿಯುತ್ತದೆ. ಆದರೆ ನಿಂತ ದ್ರವದಲ್ಲಿ ಪ್ರೋಟೀನ್ ಇರುತ್ತದೆ. ಅದು ಅಲ್ಲೇ ಉಳಿದು ಉರಿಯೂತಕ್ಕೆ ಕಾರಣವಾಗಿ, ಚರ್ಮದ ಕೆಳಗೆ ನಾರು ಮತ್ತು ಕೊಬ್ಬು ಬೆಳೆಯುತ್ತವೆ. ಆಮೇಲೆ ಒತ್ತಿದರೂ ಕುಳಿ ಬೀಳುವುದಿಲ್ಲ, ಮಲಗಿದರೂ ಬಾವು ಇಳಿಯುವುದಿಲ್ಲ. ‘ನೀರು ಇಳಿಸುವ ಮಾತ್ರೆ’ ಈ ಬಾವಿಗೆ ಪ್ರಯೋಜನಕ್ಕೆ ಬಾರದಿರುವುದು ಏಕೆಂಬುದೂ ಇಲ್ಲೇ ತಿಳಿಯುತ್ತದೆ. ಅದು ನೀರನ್ನು ಮೂತ್ರದಲ್ಲಿ ಕಳಿಸಬಲ್ಲದು, ಪ್ರೋಟೀನನ್ನು ಕಳಿಸಲಾರದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ವೈದ್ಯರು ಕೊಟ್ಟಿದ್ದರೆ ಮಾತು ಬೇರೆ, ಅದನ್ನು ತಾವಾಗಿಯೇ ನಿಲ್ಲಿಸಬಾರದು.

ದಾರಿ ಕೆಡುವುದು ಹೇಗೆ

ಆನೆಕಾಲು ರೋಗಕ್ಕೆ ಕಾರಣ ಫೈಲೇರಿಯಾ ಹುಳು. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಅದರ ಮರಿಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತದೆ. ದೊಡ್ಡದಾದ ಹುಳು ದುಗ್ಧನಾಳದೊಳಗೇ ವರ್ಷಗಟ್ಟಲೆ ಬದುಕಿ ನಾಳವನ್ನು ಹಿಗ್ಗಿಸಿ ಕೆಡಿಸುತ್ತದೆ. ಮರಿಗಳು ರಕ್ತದಲ್ಲಿ ಹೆಚ್ಚಾಗಿ ಕಾಣುವುದು ರಾತ್ರಿ. ಆರೋಗ್ಯ ಸಿಬ್ಬಂದಿ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬೆರಳು ಚುಚ್ಚುವುದು ಅದಕ್ಕೇ. ಡಿಇಸಿ, ಅಲ್ಬೆಂಡಜೋಲ್ ಮತ್ತು ಕೆಲವು ಜಿಲ್ಲೆಗಳಲ್ಲಿ ಅವುಗಳ ಜೊತೆ ಕೊಡುವ ಐವರ್ಮೆಕ್ಟಿನ್ ಮಾತ್ರೆಗಳು ಮುಖ್ಯವಾಗಿ ಮರಿಗಳನ್ನು ಕೊಂದು ರೋಗ ಹರಡುವುದನ್ನು ತಡೆಯುತ್ತವೆ. ಈಗಾಗಲೇ ಕೆಟ್ಟ ನಾಳವನ್ನು ಅವು ಸರಿಪಡಿಸಲಾರವು. ‘ಮಾತ್ರೆ ನುಂಗಿದರೂ ಕಾಲು ಸಣ್ಣದಾಗಲಿಲ್ಲ’ ಎಂಬ ದೂರಿನಲ್ಲಿ ಸತ್ಯವಿದೆ. ಆದರೆ ಆ ಮಾತ್ರೆಗೆ ವಹಿಸಿದ ಕೆಲಸ ಅದಲ್ಲ.

ಕ್ಯಾನ್ಸರ್‌ನಲ್ಲಿ ದಾರಿ ಕೆಡುವುದು ಚಿಕಿತ್ಸೆಯಿಂದ. ಸ್ತನ ಕ್ಯಾನ್ಸರ್ ಹರಡುವ ಮೊದಲ ತಾಣ ಕಂಕುಳಿನ ಗ್ರಂಥಿಗಳು. ಅವನ್ನು ತೆಗೆದರೆ ಅಥವಾ ಅಲ್ಲಿಗೆ ವಿಕಿರಣ ಕೊಟ್ಟರೆ ಆ ಬದಿಯ ಕೈಗೆ ಬಾವು ಬರಬಹುದು. ಗರ್ಭಕೋಶ, ಗರ್ಭಕಂಠದ ಕ್ಯಾನ್ಸರ್ ಚಿಕಿತ್ಸೆಯ ನಂತರ ಕಾಲಿಗೆ ಬರುವುದೂ ಹೀಗೆಯೇ. ಎಲ್ಲರಿಗೂ ಬರುತ್ತದೆ ಎಂದಿಲ್ಲ, ಬರುವವರಿಗೆ ಕೂಡಲೇ ಬರುತ್ತದೆ ಎಂದೂ ಇಲ್ಲ. ಹುಟ್ಟಿನಿಂದಲೇ ನಾಳಗಳು ದುರ್ಬಲವಾಗಿರುವ ಕೆಲವರೂ ಇದ್ದಾರೆ.

ಬಾವುಗಳೆಲ್ಲ ಲಿಂಫೆಡಿಮಾ ಅಲ್ಲ. ಎರಡೂ ಪಾದ ಒಂದೇ ಸಮ ಊದಿದ್ದು ಉಬ್ಬಸವೂ ಇದ್ದರೆ ಹೃದಯ, ಮೂತ್ರಪಿಂಡಗಳ ಪರೀಕ್ಷೆ ಮೊದಲು ಆಗಬೇಕು. ಒಂದೇ ಕಾಲಿನ ಮೀನಖಂಡ ಒಂದೆರಡು ದಿನಗಳಲ್ಲಿ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದು ತುರ್ತು ಸ್ಥಿತಿ. ಮುಂದೆ ಹೇಳುವುದು ವೈದ್ಯರು ಪರೀಕ್ಷಿಸಿ ಲಿಂಫೆಡಿಮಾ ಎಂದು ಹೇಳಿದ ಮೇಲಿನ ಮಾತು.

ಹೃದಯವಿಲ್ಲದ ಹರಿವು

ರಕ್ತವನ್ನು ದೂಡಲು ಹೃದಯವಿದೆ. ದುಗ್ಧರಸಕ್ಕೆ ಅಂಥದ್ದೊಂದು ಕೇಂದ್ರವಿಲ್ಲ. ಹಾಗಿದ್ದರೂ ಪಾದದಲ್ಲಿ ಹುಟ್ಟಿದ ದ್ರವ ಕುತ್ತಿಗೆಯವರೆಗೆ ಏರುತ್ತದೆ, ಅದೂ ನಿಂತಿರುವ ಮನುಷ್ಯನಲ್ಲಿ. ಇದು ಸಾಧ್ಯವಾಗುವುದು ಹಲವು ಸಣ್ಣ ಬಲಗಳು ಕೂಡಿ. ದೊಡ್ಡ ದುಗ್ಧನಾಳಗಳ ಗೋಡೆಯಲ್ಲಿ ತೆಳು ಸ್ನಾಯುವಿದ್ದು ಅದು ನಿಮಿಷಕ್ಕೆ ಕೆಲವು ಬಾರಿ ತಾನಾಗಿಯೇ ಹಿಂಡುತ್ತದೆ. ನಾಳದುದ್ದಕ್ಕೂ ಇರುವ ಕವಾಟಗಳು ಮೇಲೇರಿದ್ದನ್ನು ಕೆಳಗೆ ಇಳಿಯಗೊಡುವುದಿಲ್ಲ. ಪಕ್ಕದ ಮಾಂಸಖಂಡ ಬಿಗಿಯಾದಾಗ ನಾಳ ಒತ್ತಿ ದ್ರವ ಮುಂದೆ ಸಾಗುತ್ತದೆ, ಸಡಿಲವಾದಾಗ ಕೆಳಗಿನಿಂದ ಹೊಸ ದ್ರವ ತುಂಬಿಕೊಳ್ಳುತ್ತದೆ. ಇವುಗಳ ಜೊತೆ ಉಸಿರಾಟವೂ ಇದೆ. ಆಳವಾಗಿ ಉಸಿರೆಳೆದಾಗ ಎದೆಗೂಡಿನ ಒಳಗಿನ ಒತ್ತಡ ತಗ್ಗಿ ಹೊಟ್ಟೆಯ ಒತ್ತಡ ಏರುತ್ತದೆ. ಆಗ ಹೊಟ್ಟೆಯ ಭಾಗದ ದುಗ್ಧರಸ ಎದೆಯ ಕಡೆಗೆ ಸೆಳೆಯಲ್ಪಡುತ್ತದೆ.

ಈ ಬಲಗಳಲ್ಲಿ ನಮ್ಮ ಕೈಯಲ್ಲಿರುವುದು ಎರಡೇ: ಮಾಂಸಖಂಡ ಮತ್ತು ಉಸಿರು. ಕಾಲನ್ನು ಎತ್ತರದಲ್ಲಿಟ್ಟು ಅಲುಗದೆ ಮಲಗಿದರೆ ಗುರುತ್ವದ ನೆರವು ಸಿಗುತ್ತದೆ, ಮಾಂಸಖಂಡದ ನೆರವು ತಪ್ಪುತ್ತದೆ. ವಿಶ್ರಾಂತಿ ತಪ್ಪಲ್ಲ, ಅದೊಂದೇ ಸಾಲದು.

ಬಾತ ಕೈಗೆ ಕೆಲಸ ಕೊಟ್ಟರೆ ಬಾವು ಹೆಚ್ಚುತ್ತದೆ ಎಂಬ ಹೆದರಿಕೆ ವೈದ್ಯರಲ್ಲೂ ಬಹಳ ಕಾಲ ಇತ್ತು. ಅದನ್ನು ನೇರವಾಗಿ ಪರೀಕ್ಷಿಸಿದ ಅಮೆರಿಕದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸ್ತನ ಕ್ಯಾನ್ಸರ್ ನಂತರ ಕೈ ಬಾತಿದ್ದ 141 ಮಹಿಳೆಯರಲ್ಲಿ ಒಂದು ಗುಂಪಿಗೆ ವಾರಕ್ಕೆ ಎರಡು ಬಾರಿ ತೂಕ ಎತ್ತುವ ವ್ಯಾಯಾಮ ಕಲಿಸಿದರು. ತೀರಾ ಕಡಿಮೆ ತೂಕದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿದರು, ಕೈಗೆ ಬಿಗಿತೋಳು, ಅಂದರೆ ಕೈಯನ್ನು ಒತ್ತಿ ಹಿಡಿಯುವ ಬಿಗಿಯಾದ ತೋಳುಚೀಲ, ಹಾಕಿಸಿಯೇ ಮಾಡಿಸಿದರು. ವರ್ಷದ ಕೊನೆಗೆ ನೋಡಿದಾಗ ಬಾವು ಹೆಚ್ಚಾದವರ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಬಾವು ದಿಢೀರನೆ ಕೆರಳುವ ಪ್ರಸಂಗ ಮಾತ್ರ ತೂಕ ಎತ್ತಿದವರಲ್ಲಿ ನೂರಕ್ಕೆ 14 ಮಂದಿಗೆ, ಎತ್ತದವರಲ್ಲಿ 29 ಮಂದಿಗೆ ಬಂದಿತ್ತು. ವ್ಯಾಯಾಮ ಬಾವನ್ನು ಮಾಯ ಮಾಡಿತೆಂದು ಈ ಅಧ್ಯಯನ ಹೇಳುವುದಿಲ್ಲ. ಎಚ್ಚರದಿಂದ ಮಾಡಿದರೆ ಹಾನಿಯಿಲ್ಲ, ಕೈಗೆ ಬಲ ಬರುತ್ತದೆ, ಕೆರಳುವುದು ತಗ್ಗುತ್ತದೆ ಎನ್ನುತ್ತದೆ. ನನ್ನ ಲೆಕ್ಕದಲ್ಲಿ ಅದು ಸಣ್ಣ ಲಾಭವಲ್ಲ.

ಪಟ್ಟಿ ಏಕೆ ಕಟ್ಟಿಕೊಳ್ಳಬೇಕು

ಬಾತ ಅಂಗದ ಚರ್ಮ ಹಿಗ್ಗಿ ಸಡಿಲವಾಗಿರುತ್ತದೆ. ಒಳಗೆ ಮಾಂಸಖಂಡ ಉಬ್ಬಿದರೂ ಆ ಒತ್ತಡ ದ್ರವವನ್ನು ದೂಡುವ ಬದಲು ಚರ್ಮವನ್ನು ಹೊರಗೆ ತಳ್ಳಿ ವ್ಯರ್ಥವಾಗುತ್ತದೆ. ಹೊರಗಿನಿಂದ ಅಷ್ಟಾಗಿ ಹಿಗ್ಗದ ಪಟ್ಟಿ ಕಟ್ಟಿದ್ದರೆ ಮಾಂಸಖಂಡ ಮತ್ತು ಪಟ್ಟಿಯ ನಡುವೆ ಸಿಕ್ಕ ದ್ರವಕ್ಕೆ ಮೇಲೇರುವುದೇ ದಾರಿಯಾಗುತ್ತದೆ. ಆದ್ದರಿಂದ ಪಟ್ಟಿ, ಬಿಗಿ ಸಾಕ್ಸ್ ಅಥವಾ ಬಿಗಿತೋಳು ಧರಿಸಿಯೇ ವ್ಯಾಯಾಮ ಮಾಡಲು ಹೇಳುತ್ತಾರೆ.

ಔಷಧದ ಅಂಗಡಿಯಲ್ಲಿ ಸುಲಭವಾಗಿ ಸಿಗುವ, ರಬ್ಬರಿನ ಹಾಗೆ ಉದ್ದಕ್ಕೆ ಹಿಗ್ಗುವ ಕ್ರೇಪ್ ಪಟ್ಟಿ ಈ ಕೆಲಸಕ್ಕೆ ಹೇಳಿದ್ದಲ್ಲ. ಮಾಂಸಖಂಡ ಉಬ್ಬಿದಾಗ ಅದೂ ಹಿಗ್ಗಿಬಿಡುತ್ತದೆ. ಬೇಕಾದದ್ದು ಕಡಿಮೆ ಹಿಗ್ಗುವ ಪಟ್ಟಿ. ಅದನ್ನು ಬೆರಳಿನ ಕಡೆಯಿಂದ ಆರಂಭಿಸಿ ಮೇಲಕ್ಕೆ, ಕೆಳಗೆ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ ಬಿಗಿ ಇರುವಂತೆ ಕಟ್ಟಬೇಕು. ಒಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಎದುರು ಕಟ್ಟಿ ಕಲಿಯದೆ ಇದು ಕೈಗೆ ಹತ್ತುವುದಿಲ್ಲ. ಬೆರಳು ಜೋಮು ಹಿಡಿದರೆ, ನೀಲಿಯಾದರೆ, ನೋವು ಬಂದರೆ ಕೂಡಲೇ ಬಿಚ್ಚಬೇಕು. ಕಾಲಿನ ರಕ್ತ ಸಂಚಾರ ಕಡಿಮೆ ಇರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು, ಹೃದಯ ದುರ್ಬಲವಾಗಿರುವವರು ವೈದ್ಯರನ್ನು ಕೇಳದೆ ಪಟ್ಟಿ ಕಟ್ಟಬಾರದು.

ಕೆಳಗಿನಿಂದಲ್ಲ, ಮೇಲಿನಿಂದ

ಪಾದ ಬಾತಿದ್ದರೆ ಪಾದವನ್ನೇ ಮೊದಲು ಆಡಿಸಬೇಕು ಎನ್ನಿಸುವುದು ಸಹಜ. ಕ್ರಮ ಇದಕ್ಕೆ ತಿರುಗಾಮುರುಗಾ. ಜವಳು ಹೊಲದಲ್ಲಿ ಬಸಿಗಾಲುವೆ ತೋಡುವವರು ಮೊದಲು ಹಳ್ಳಕ್ಕೆ ಕೂಡುವ ತುದಿಯನ್ನು ಬಿಡಿಸುತ್ತಾರೆ. ಮುಂದೆ ಜಾಗವಾಗದೆ ಹಿಂದಿನ ನೀರು ಕದಲುವುದಿಲ್ಲ. ಇಲ್ಲಿಯೂ ಮೊದಲು ಉಸಿರು ಮತ್ತು ಕುತ್ತಿಗೆ, ನಂತರ ಸೊಂಟ ಅಥವಾ ಭುಜ, ಆಮೇಲೆ ಮೊಣಕಾಲು ಅಥವಾ ಮೊಣಕೈ, ಕೊನೆಗೆ ಪಾದ ಅಥವಾ ಬೆರಳು.

ಮಂಚದ ಮೇಲೆ ಮಲಗಿ, ಅಂಗೈಗಳನ್ನು ಹೊಟ್ಟೆಯ ಮೇಲಿಡಿ. ಮೂಗಿನಿಂದ ಉಸಿರೆಳೆದಾಗ ಹೊಟ್ಟೆ ಅಂಗೈಯನ್ನು ಮೇಲೆತ್ತಲಿ, ಬಿಡುವಾಗ ತಾನಾಗಿ ಇಳಿಯಲಿ. ಐದಾರು ಬಾರಿ ಸಾಕು. ಹೆಚ್ಚು ಮಾಡಿದರೆ ತಲೆ ಸುತ್ತೀತು. ಪ್ರಾಣಾಯಾಮ ರೂಢಿಯಿದ್ದವರಿಗೆ ಇದು ಹೊಸದಲ್ಲ. ಉಸಿರು ಕಟ್ಟಿ ಹಿಡಿಯುವ ಕುಂಭಕ ಇಲ್ಲಿ ಬೇಡ, ಅಷ್ಟೇ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಸಂಸ್ಥೆ ಆನೆಕಾಲು ರೋಗಿಗಳಿಗೆ ಚರ್ಮದ ಆರೈಕೆ, ಪಟ್ಟಿ ಕಟ್ಟುವುದರ ಜೊತೆಗೆ ಉಸಿರಾಟಕ್ಕೆ ಹೊಂದಿಸಿದ ಯೋಗಾಭ್ಯಾಸವನ್ನು ಕಲಿಸುತ್ತ ಬಂದಿದೆ, ಕಲಬುರಗಿ ಜಿಲ್ಲೆಯಲ್ಲೂ ಈ ಕ್ರಮವನ್ನು ಪ್ರಯೋಗಿಸಿದೆ.

ಉಸಿರಾದ ಮೇಲೆ ಭುಜಗಳನ್ನು ಕಿವಿಯತ್ತ ಎತ್ತಿ ಇಳಿಸಿ, ಹಿಂದಕ್ಕೆ ನಿಧಾನವಾಗಿ ಸುತ್ತಿಸಿ. ಬಾವು ಕಾಲಿನದಾದರೆ ಮಲಗಿದಲ್ಲೇ ಒಂದೊಂದೇ ಮೊಣಕಾಲನ್ನು ಹೊಟ್ಟೆಯ ಕಡೆಗೆ ಎಳೆದು ಬಿಡಿ. ನಂತರ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮೊಣಕಾಲನ್ನು ಮಡಚಿ, ಬಿಡಿಸಿ. ಕೊನೆಗೆ ಪಾದವನ್ನು ನಿಮ್ಮತ್ತ ಎಳೆದು, ಮುಂದಕ್ಕೆ ಚಾಚಿ, ಕಣಕಾಲನ್ನು ಸುತ್ತಿಸಿ, ಬೆರಳುಗಳನ್ನು ಮುದುಡಿ ಅರಳಿಸಿ. ಮೀನಖಂಡ ಬಿಗಿಯಾಗುವುದು ನಿಮ್ಮ ಅರಿವಿಗೆ ಬರಬೇಕು. ಸುಮ್ಮನೆ ಪಾದ ಅಲ್ಲಾಡಿಸಿದರೆ ಫಲವಿಲ್ಲ. ಕೈಯಾದರೆ ಭುಜದ ನಂತರ ಮೊಣಕೈ ಮಡಚುವುದು, ಮಣಿಕಟ್ಟು ತಿರುಗಿಸುವುದು, ಕೈಯನ್ನು ಹೃದಯದ ಮಟ್ಟಕ್ಕಿಂತ ಮೇಲೆತ್ತಿ ಮುಷ್ಟಿ ಬಿಗಿದು ಸಡಿಲಿಸುವುದು. ಪ್ರತಿಯೊಂದನ್ನೂ ಐದರಿಂದ ಹತ್ತು ಬಾರಿ, ಪ್ರತಿ ಬಿಗಿತದ ನಂತರ ಅಷ್ಟೇ ಹೊತ್ತು ಸಡಿಲಿಕೆ. ಸಡಿಲಿಸುವ ಹೊತ್ತಿನಲ್ಲೇ ನಾಳ ಮತ್ತೆ ತುಂಬುತ್ತದೆ, ಅದಕ್ಕಾಗಿ ಅವಸರ ಬೇಡ. ಇಡೀ ಸರಣಿ ಹದಿನೈದು ನಿಮಿಷದ್ದು. ದಿನಕ್ಕೆರಡು ಬಾರಿ ಮಾಡಿದರೆ ಒಳ್ಳೆಯದು. ಮೊದಲ ವಾರ ಒಂದೇ ಬಾರಿಯಾದರೂ ಸರಿ.

ಇದರ ಮೇಲೆ ನಡಿಗೆ. ಕಾಲು ಬಾತವರಿಗೆ ಸಮತಟ್ಟಾದ ದಾರಿಯಲ್ಲಿ, ಪಟ್ಟಿ ಮತ್ತು ಮುಚ್ಚಿದ ಮೆತ್ತನೆಯ ಪಾದರಕ್ಷೆಯೊಂದಿಗೆ ನಡೆಯುವುದು ಮೀನಖಂಡಕ್ಕೆ ಸಿಗುವ ಅತ್ಯುತ್ತಮ ಕೆಲಸ. ಹಿಮ್ಮಡಿ ಊರಿ, ಬೆರಳಿನಿಂದ ನೆಲ ತಳ್ಳಿ ನಡೆಯಬೇಕು. ಪಾದ ಎಳೆಯುತ್ತ ನಡೆದರೆ ಮೀನಖಂಡ ಕೆಲಸ ಮಾಡುವುದಿಲ್ಲ.

ರೊಟ್ಟಿ, ಕೊಡ, ಮಗ್ಗ

ಕೈ ಬಾತ ಮಹಿಳೆಯರು ಮೊದಲು ಕೇಳುವುದು ವ್ಯಾಯಾಮದ ಬಗ್ಗೆ ಅಲ್ಲ, ‘ರೊಟ್ಟಿ ಬಡಿಯಬಹುದೇ?’ ಎಂದು. ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಕೊಡದ ಸಲಹೆಗೆ ಅರ್ಥವೇ ಇಲ್ಲ. ಬಡಿಯುವುದಕ್ಕೆ ಶಾಶ್ವತ ನಿಷೇಧವಿಲ್ಲ. ಆದರೆ ಇಪ್ಪತ್ತು ರೊಟ್ಟಿಯನ್ನು ಒಂದೇ ಉಸಿರಿಗೆ ಬಡಿಯುವುದು ಹಗುರ ವ್ಯಾಯಾಮವಲ್ಲ, ಬಿಡುವಿಲ್ಲದ ದುಡಿಮೆ. ಬಿಗಿತೋಳು ಧರಿಸಿ ಎರಡು ಮೂರರಿಂದ ಆರಂಭಿಸಿ, ನಡುನಡುವೆ ಕೈ ಮೇಲೆತ್ತಿ ಮುಷ್ಟಿ ಬಿಗಿದು ಸಡಿಲಿಸಿ, ಮರುದಿನ ಕೈ ಭಾರವೆನಿಸದಿದ್ದರೆ ಒಂದೊಂದೇ ಹೆಚ್ಚಿಸಬಹುದು. ಇಲ್ಲಿ ಹೆಚ್ಚಿನ ಅಪಾಯ ಇರುವುದು ಹಂಚಿನ ಬಿಸಿಯಲ್ಲಿ. ಬಾತ ಕೈಗೆ ಆದ ಸಣ್ಣ ಸುಟ್ಟಗಾಯವೂ ಸೋಂಕಿಗೆ ಬಾಗಿಲಾಗುತ್ತದೆ. ರೊಟ್ಟಿ ತಿರುವುವ ಕೆಲಸ ಇನ್ನೊಂದು ಕೈಗಿರಲಿ, ಸಾಧ್ಯವಾದರೆ ಇನ್ನೊಬ್ಬರಿಗಿರಲಿ. ತುಂಬಿದ ಕೊಡವನ್ನು ಆ ಕೈಯಲ್ಲಿ ಜೋತುಬಿಟ್ಟು ಒಯ್ಯುವುದು ಆರಂಭದಲ್ಲಿ ಬೇಡ.

ಇಳಕಲ್ಲು, ಗುಳೇದಗುಡ್ಡ, ಬನಹಟ್ಟಿಗಳ ನೇಕಾರರ ಸ್ಥಿತಿ ಬೇರೆ. ಗುಂಡಿಮಗ್ಗದಲ್ಲಿ ಕಾಲು ತುಳಿಗೆಯ ಮೇಲೆ ಆಡುತ್ತದೆ, ನಿಜ. ಆದರೆ ಗಂಟೆಗಟ್ಟಲೆ ಕೆಳಗೆ ಇಳಿಬಿಟ್ಟೇ ಇರುತ್ತದೆ, ತೊಡೆಸಂದು ಮಡಚಿರುತ್ತದೆ. ಮುಕ್ಕಾಲು ಗಂಟೆಗೋ ಗಂಟೆಗೋ ಒಮ್ಮೆ ಮೇಲೆದ್ದು ನಾಲ್ಕು ಹೆಜ್ಜೆ ನಡೆದು, ಹಿಮ್ಮಡಿ ಎತ್ತಿ ಇಳಿಸಿ ಮತ್ತೆ ಕೂರುವುದು ಒಳಿತು. ನೆಲದ ಮೇಲೆ ಬಹಳ ಹೊತ್ತು ಚಕ್ಕಳಮಕ್ಕಳ ಅಥವಾ ವಜ್ರಾಸನ ಹಾಕಿ ಕೂರುವವರಿಗೂ ಇದೇ ಮಾತು.

ಚರ್ಮ ಮೊದಲು, ವ್ಯಾಯಾಮ ಆಮೇಲೆ

ದುಗ್ಧರಸ ನಿಂತಲ್ಲಿ ರೋಗನಿರೋಧಕ ಪಡೆ ದುರ್ಬಲ. ಬೆರಳ ಸಂದಿನ ಬಿರುಕು, ಕಬ್ಬಿನ ಕೂಳೆ ತಾಗಿದ ಗೀರು, ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಬರುವ ಬೂಷ್ಟು ಹುಣ್ಣು, ಇವುಗಳಲ್ಲಿ ಯಾವುದರಿಂದಲಾದರೂ ಬ್ಯಾಕ್ಟೀರಿಯಾ ಒಳಹೊಕ್ಕು ಚಳಿಜ್ವರ ಬರಿಸಬಲ್ಲದು. ಅಂಥ ಪ್ರತಿ ಜ್ವರವೂ ಉಳಿದ ನಾಳಗಳನ್ನು ಇನ್ನಷ್ಟು ಕೆಡಿಸಿ ಕಾಲನ್ನು ಇನ್ನಷ್ಟು ದಪ್ಪ ಮಾಡುತ್ತದೆ. ಆದ್ದರಿಂದ ದಿನವೂ ಸಾಬೂನು ಮತ್ತು ಶುದ್ಧ ನೀರಿನಿಂದ ಮೃದುವಾಗಿ ತೊಳೆದು, ಬೆರಳ ಸಂದು ಮತ್ತು ಚರ್ಮದ ಮಡಿಕೆಗಳನ್ನು ಉಜ್ಜದೆ ಒತ್ತಿ ಒರೆಸಿ, ಬಿರುಕಿದ್ದಲ್ಲಿ ವೈದ್ಯರು ಕೊಟ್ಟ ಮುಲಾಮು ಹಚ್ಚಿದ ಮೇಲೆಯೇ ಪಟ್ಟಿ ಮತ್ತು ವ್ಯಾಯಾಮ. ಆನೆಕಾಲು ರೋಗಿಗಳಿಗೆ ಟಬ್, ಮಗ್, ಸಾಬೂನು, ಟವೆಲ್, ಮುಲಾಮು ಇರುವ ಕಿಟ್ ಕೊಟ್ಟು ತೊಳೆಯುವ ಕ್ರಮ ಕಲಿಸುವುದು ಸರ್ಕಾರದ ಕಾರ್ಯಕ್ರಮದ ಭಾಗವೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ.

ಅಂಗ ಕೆಂಪೇರಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತ, ಚಳಿಜ್ವರ ಬಂದಿದ್ದರೆ ವ್ಯಾಯಾಮ, ಪಟ್ಟಿ, ಮಾಲೀಶು ಎಲ್ಲವನ್ನೂ ನಿಲ್ಲಿಸಿ. ಕಾಲನ್ನು ಎತ್ತರದಲ್ಲಿಟ್ಟು, ತಣ್ಣೀರ ಬಟ್ಟೆ ಹಾಕಿ, ಅಂದೇ ವೈದ್ಯರನ್ನು ಕಾಣಿ. ಇದಕ್ಕೆ ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಬಿಸಿ ಶಾಖ ಕೊಡುವುದು, ಬರೆ ಹಾಕಿಸುವುದು ಹಾನಿಯನ್ನೇ ತರುತ್ತದೆ. ಜ್ವರ ಬಿಟ್ಟು ನೋವು ಹೋದ ಮೇಲೆ ಮತ್ತೆ ಉಸಿರಾಟದಿಂದ ಆರಂಭಿಸಿದರಾಯಿತು.

ಬಿಸಿಲು ಮತ್ತು ಟೇಪು

ವಿಜಯಪುರದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ಹೆಚ್ಚು ದ್ರವ ಜಿನುಗುವುದರಿಂದ ಆ ದಿನಗಳಲ್ಲಿ ಬಾವು ಏರುವುದು ಸಹಜ, ಪಟ್ಟಿಯೂ ಸಹಿಸಲಾರದ ಸೆಕೆ ಕೊಡುತ್ತದೆ. ಮಾರ್ಚ್‌ನಿಂದ ಮೇ ತನಕ ನಡಿಗೆಯನ್ನು ಬೆಳಗಿನ ಆರರ ಹೊತ್ತಿಗೆ ಮುಗಿಸಿ, ಮಧ್ಯಾಹ್ನ ಮಲಗಿದಲ್ಲೇ ಉಸಿರು ಮತ್ತು ಪಾದದ ಚಲನೆಗಳನ್ನಷ್ಟೇ ಮಾಡಿದರೂ ನಡೆಯುತ್ತದೆ.

ವ್ಯಾಯಾಮ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಲು ದರ್ಜಿಯ ಟೇಪು ಸಾಕು. ಕಣಕಾಲು, ಮೀನಖಂಡ, ತೊಡೆ, ಇಲ್ಲವೇ ಮಣಿಕಟ್ಟು, ಮುಂಗೈ, ತೋಳು, ಹೀಗೆ ಗುರುತು ಮಾಡಿದ ಅದೇ ಜಾಗಗಳಲ್ಲಿ ವಾರಕ್ಕೊಮ್ಮೆ, ಬೆಳಿಗ್ಗೆ ಎದ್ದ ಕೂಡಲೇ ಅಳೆದು ಬರೆದಿಡಿ. ಇನ್ನೊಂದು ಬದಿಯನ್ನೂ ಅಳೆಯಿರಿ, ಹೋಲಿಕೆಗೆ ಬೇಕಾಗುತ್ತದೆ. ಮರುದಿನವೂ ಉಳಿಯುವ ಭಾರ, ಬಿಗಿತ ಕಂಡರೆ ಪ್ರಮಾಣವನ್ನು ಅರ್ಧಕ್ಕಿಳಿಸಿ. ಮೊದಲ ವಾರಗಳಲ್ಲಿ ಸುತ್ತಳತೆ ಕದಲದೆ ಚರ್ಮ ಮೆತ್ತಗಾಗುವುದಷ್ಟೇ ಕಾಣಬಹುದು, ಅದೂ ಪ್ರಗತಿಯೇ. ಬಿಗಿ ಸಾಕ್ಸ್ ಅಥವಾ ತೋಳನ್ನು ಕೊಳ್ಳುವುದು ಪಟ್ಟಿ, ವ್ಯಾಯಾಮಗಳಿಂದ ಬಾವು ಇಳಿದು ಅಳತೆ ಒಂದು ಮಟ್ಟದಲ್ಲಿ ನಿಂತ ಮೇಲೆ. ಊದಿದ ಕಾಲಿನ ಅಳತೆಗೆ ದುಬಾರಿ ಸಾಕ್ಸ್ ತರಿಸಿಕೊಂಡವರಿಗೆ ಸ್ವಲ್ಪ ದಿನಗಳಲ್ಲೇ ಅದು ಸಡಿಲವಾಗಿ ಎರಡನೆಯದಕ್ಕೆ ಹಣ ಹೊಂದಿಸಬೇಕಾಗುತ್ತದೆ.